ಹಿಮವಿಲ್ಲದ ಬೆಟ್ಟದ ನೀರು

ತಂಗಿಯ ಮಗ ಅಮೆರಿಕದ ಲಾಸ್ ಏಂಜಲೀಸಿನಲ್ಲಿದ್ದಾನೆ. ಒಂದಿನ ವಿಡಿಯೋ ಕಾಲಿನಲ್ಲಿ ಮಾತಾಡುತ್ತಾ, ಅಡುಗೆಮನೆಯ ನಲ್ಲಿ ತಿರುಗಿಸಿ ಲೋಟಕ್ಕೆ ನೀರು ಹಿಡಿದ. "ಮಾವ, ಈ ನೀರಲ್ಲಿ ಒಂದು ಪಾಲು ಬೆಟ್ಟದ ಹಿಮ ಕರಗಿ ಬಂದಿದ್ದು. ಮುನ್ನೂರ ಎಪ್ಪತ್ತೈದು ಕಿಲೋಮೀಟರ್ ಕಾಲುವೇಲಿ ಬರುತ್ತೆ. ದಾರೀಲಿ ಒಂದೂ ಪಂಪ್ ಇಲ್ಲ, ಗೊತ್ತಾ?" ಅಂದ.

"ಅದೇನು ಮಹಾ, ನಮ್ಮನೆಗೂ ಬೆಟ್ಟದ ನೀರೇ ಬರ್ತಿತ್ತು, ಪಂಪಿಲ್ದೆ" ಅಂದೆ. ಅವನು ನಕ್ಕ. ನಾನು ತಮಾಷೆಗೆ ಹೇಳಿದ್ದಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳೇ ಮನೆಗಳಲ್ಲಿ ಬೆಳೆದವರಿಗೆ ದಬ್ಬೆ ನೀರು ಅಂದರೆ ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳ್ತೇನೆ. ಮುದಿ ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳು ಕೆತ್ತಿ ತೆಗೆದರೆ ದೋಣಿಯಂಥ ದಬ್ಬೆ ಸಿಗುತ್ತದೆ. ಮನೆ ಹಿಂದಿನ ಗುಡ್ಡದಲ್ಲಿ ಎಲ್ಲೋ ಒಂದು ಕಡೆ ಒರತೆ ಇರುತ್ತದೆ. ಅಲ್ಲಿಂದ ಕವಲುಗೂಟದ ಮೇಲೆ ಒಂದು ದಬ್ಬೆಯ ಬಾಯಿಗೆ ಇನ್ನೊಂದನ್ನು ಕೊಡುತ್ತಾ, ಇಳಿಜಾರು ತಪ್ಪದಂತೆ ಬಚ್ಚಲ ಹಂಡೆಯ ಹತ್ತಿರದವರೆಗೆ ತಂದರೆ ಮುಗೀತು. ಹಗಲೂ ರಾತ್ರಿ ಸುರಿಯುತ್ತಲೇ ಇರುವ ಅಬ್ಬಿ ನೀರು. ಆ ಸದ್ದು ನಿಂತರೆ ನಮಗೆ ರಾತ್ರಿ ಎಚ್ಚರಾಗುತ್ತಿತ್ತು. ಅಪ್ಪ ಟಾರ್ಚ್ ಹಿಡಿದು ಹೊರಡುತ್ತಿದ್ದರು, ಯಾವ ದಬ್ಬೆ ಜಾರಿದೆ ಅಂತ ನೋಡೋಕೆ.

ಕಾಲ್ ಮುಗಿದ ಮೇಲೂ ಹುಡುಗ ಹೇಳಿದ 375 ಕಿಲೋಮೀಟರ್ ಅನ್ನೋ ಲೆಕ್ಕ ತಲೆಯಲ್ಲೇ ಉಳಿಯಿತು. ಸಾಗರದಿಂದ ಬೆಂಗಳೂರಿಗೆ ರಸ್ತೆಯಲ್ಲಿ ಹೆಚ್ಚೂ ಕಡಿಮೆ ಅಷ್ಟೇ ದೂರ. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯಬೇಕು ಅಂತ 2019ರಲ್ಲಿ ಸರ್ಕಾರ ಹೊರಟಾಗ ನಮ್ಮ ಜಿಲ್ಲೆಯಲ್ಲಿ ಎದ್ದ ಗಲಾಟೆ ನಿಮಗೆ ನೆನಪಿರಬಹುದು. ಅಷ್ಟೇ ದೂರದಿಂದ ನೀರು ತಂದ ಊರೊಂದು ನೂರು ವರ್ಷದ ಹಿಂದೆ ಏನು ಮಾಡಿತು, ನೀರು ಕೊಟ್ಟ ಊರಿಗೆ ಏನಾಯಿತು ಅಂತ ನೋಡೋಣ ಅನ್ನಿಸಿತು.

ಲಾಸ್ ಏಂಜಲೀಸ್ ಮಳೆ ಕಡಿಮೆ ಇರುವ ಊರು. ಅದರ ಉತ್ತರಕ್ಕೆ, ಸಿಯೆರಾ ನೆವಾಡ ಬೆಟ್ಟಸಾಲಿನ ಪೂರ್ವದ ಮಗ್ಗುಲಲ್ಲಿ ಓವೆನ್ಸ್ ಅಂತ ಒಂದು ಕಣಿವೆ ಇದೆ. ಚಳಿಗಾಲದಲ್ಲಿ ಬೆಟ್ಟದ ಮೇಲೆ ಬಿದ್ದ ಹಿಮ ಬೇಸಿಗೆಯಲ್ಲಿ ನಿಧಾನವಾಗಿ ಕರಗಿ ಆ ಕಣಿವೆಯ ಹೊಳೆಗೆ ಇಳಿಯುತ್ತದೆ. ಅದನ್ನು ನಂಬಿಕೊಂಡು ಅಲ್ಲಿ ರೈತರಿದ್ದರು. ಅವರಿಗಿಂತ ಎಷ್ಟೋ ಮೊದಲು ಪಯೂಟ್ ಮೂಲನಿವಾಸಿಗಳು ಅದೇ ನೀರಿಗೆ ಕಾಲುವೆ ತೋಡಿಕೊಂಡಿದ್ದರು. 1905ರ ಹೊತ್ತಿಗೆ ಲಾಸ್ ಏಂಜಲೀಸಿನ ಮಾಜಿ ಮೇಯರ್ ಫ್ರೆಡ್ ಈಟನ್ ಆ ಕಣಿವೆಗೆ ಹೋಗಿ ಜಮೀನು ಮತ್ತು ಅದರ ಜೊತೆ ಬರುವ ನೀರಿನ ಹಕ್ಕನ್ನು ಕೊಂಡುಕೊಳ್ಳುತ್ತಾ ಬಂದ. ಆಗ ಅಲ್ಲಿ ಸರ್ಕಾರದ್ದೇ ಒಂದು ನೀರಾವರಿ ಯೋಜನೆಯ ಮಾತು ನಡೆದಿತ್ತು. ಇವನೂ ಆ ಕಡೆಯವನೇ ಇರಬೇಕು ಅಂದುಕೊಂಡು ಮಾರಿದವರು ಬಹಳ. ನೀರು ಪಟ್ಟಣದ ಪಾಲಾಯಿತು ಅಂತ ಗೊತ್ತಾಗುವಾಗ ಕಾಗದಪತ್ರ ಎಲ್ಲಾ ಮುಗಿದಿತ್ತು.

ಕಾಲುವೆ ಕಟ್ಟಿಸಿದವನು ವಿಲಿಯಂ ಮಲ್‌ಹಾಲೆಂಡ್. ಐರ್ಲೆಂಡಿನಿಂದ ಬಂದು, ಅದೇ ಊರಿನ ನೀರಿನ ಕಾಲುವೆ ಕಾಯುವ ಕೆಲಸದಿಂದ ಶುರು ಮಾಡಿ ಮುಖ್ಯ ಎಂಜಿನಿಯರ್ ಆದ ಮನುಷ್ಯ. 1913ರ ನವೆಂಬರ್ 5ರಂದು ನೀರು ಬಂತು. ಸೇರಿದ್ದ ಜನಕ್ಕೆ ಆತ ಮಾಡಿದ ಭಾಷಣ, "ಅಗೋ ಅಲ್ಲಿದೆ, ತಗೊಳ್ಳಿ" ಅನ್ನುವಷ್ಟೇ ಚಿಕ್ಕದು.

ಜನ ತಗೊಂಡರು. ಊರು ಬೆಳೆಯಿತು, ಬೆಳೆದ ಊರಿಗೆ ಇನ್ನೂ ನೀರು ಬೇಕಾಯಿತು. 1924ರಲ್ಲಿ ಕಣಿವೆಯ ರೈತರು ಕಾಲುವೆಗೆ ಡೈನಮೈಟ್ ಇಟ್ಟರು. ಅದೇ ವರ್ಷ ನವೆಂಬರಿನಲ್ಲಿ ಕಾಲುವೆಯ ತೂಬೊಂದನ್ನು ವಶಮಾಡಿಕೊಂಡು, ನೀರನ್ನು ಮತ್ತೆ ಹೊಳೆಗೆ ಬಿಟ್ಟು, ಹೆಂಗಸರು ಮಕ್ಕಳ ಸಮೇತ ನಾಲ್ಕು ದಿನ ಅಲ್ಲೇ ಅಡುಗೆ ಮಾಡಿಕೊಂಡು ಕೂತರು. ಆದರೂ ಗೆಲ್ಲಲಿಲ್ಲ. ಹೊಳೆ ಹೋಗಿ ಸೇರುತ್ತಿದ್ದ ಓವೆನ್ಸ್ ಸರೋವರ 1920ರ ದಶಕದಲ್ಲೇ ಬತ್ತಿಹೋಯಿತು. ಒಣಗಿದ ಸರೋವರದ ತಳದಿಂದ ಉಪ್ಪುಮಿಶ್ರಿತ ಧೂಳು ಏಳತೊಡಗಿತು. ಇಡೀ ಅಮೆರಿಕದಲ್ಲೇ ಅತಿ ಹೆಚ್ಚು ಧೂಳು ಏಳುವ ಜಾಗಗಳಲ್ಲಿ ಅದೂ ಒಂದಾಯಿತು. ಆ ಧೂಳನ್ನು ಅಡಗಿಸೋಕೆ ಲಾಸ್ ಏಂಜಲೀಸ್ ಈಗಾಗಲೇ ಇನ್ನೂರು ಕೋಟಿ ಡಾಲರಿಗೂ ಮಿಕ್ಕಿ ಖರ್ಚು ಮಾಡಿದೆ. ನೀರು ಒಯ್ದವರು ಈಗ ನೆಲ ಒದ್ದೆ ಮಾಡೋಕೆ ಅದೇ ನೀರಿನಲ್ಲಿ ಒಂದು ಪಾಲನ್ನು ಅಲ್ಲೇ ಬಿಡಬೇಕಾಗಿದೆ.

ಈಗ ನಮ್ಮ ಬೆಂಗಳೂರಿಗೆ ಬರೋಣ. ಮೂರು ಸಾವಿರ ಅಡಿ ಎತ್ತರದಲ್ಲಿ, ಹತ್ತಿರ ದೊಡ್ಡ ಹೊಳೆಯೇ ಇಲ್ಲದ ಕಡೆ ಕಟ್ಟಿದ ಊರು ಅದು. ಹಾಗಾಗಿಯೇ ಕೆಂಪೇಗೌಡರ ಕಾಲದಿಂದ ಅಲ್ಲಿ ಕೆರೆ ಕಟ್ಟಿದರು. ಧರ್ಮಾಂಬುಧಿ ಕೆರೆ, ಸಂಪಂಗಿ ಕೆರೆ, ಹಲಸೂರು ಕೆರೆ. 1876-78ರ ಭೀಕರ ಬರ ನೋಡಿದ ಮೇಲೆ ಕೆರೆಗಳನ್ನಷ್ಟೇ ನಂಬಿದರೆ ಸಾಲದು ಅನ್ನಿಸಿತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1894ರಲ್ಲಿ, ಹದಿನೆಂಟು ಕಿಲೋಮೀಟರ್ ದೂರದ ಹೆಸರಘಟ್ಟದಲ್ಲಿ ಅರ್ಕಾವತಿಗೆ ಕೆರೆ ಕಟ್ಟಿ, ಸೋಲದೇವನಹಳ್ಳಿಯಲ್ಲಿ ಉಗಿಯಂತ್ರ ಇಟ್ಟು ನೀರೆತ್ತುವ ಕೆಲಸ ಶುರುವಾಯಿತು. 1896ರಲ್ಲಿ ಪಟ್ಟಣದ ನಲ್ಲಿಗೆ ನೀರು ಬಂತು. ಇಪ್ಪತ್ತೈದು ಮೂವತ್ತು ವರ್ಷದಲ್ಲಿ ಅದು ಸಾಲದಾಯಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ. ಅದೂ ಸಾಲದೆ 1974ರಲ್ಲಿ ನೂರು ಕಿಲೋಮೀಟರ್ ದೂರದಿಂದ ಕಾವೇರಿ.

ಕಾವೇರಿಯ ಐದನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ಅದೊಂದರಿಂದಲೇ ದಿನಕ್ಕೆ 77.5 ಕೋಟಿ ಲೀಟರ್. ಈ ನಡುವೆ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯಿತು, ಅರ್ಕಾವತಿಯ ಮೇಲೆ ಬಡಾವಣೆಗಳೆದ್ದು ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಎರಡೂ ಸೊರಗಿದವು. ಒಂದು ಮಾದರಿ ಕಾಣುತ್ತಲ್ವಾ? ದೂರದ ನೀರು ಬಂದಾಗೆಲ್ಲ ಹತ್ತಿರದ ನೀರಿನ ಮೇಲಿನ ಮಮತೆ ಹೋಗಿದೆ. ಹದಿನೆಂಟು, ಆಮೇಲೆ ಮೂವತ್ತರ ಆಸುಪಾಸು, ಆಮೇಲೆ ನೂರು. ಅದರ ಮುಂದಿನ ಮೆಟ್ಟಿಲಿನಲ್ಲಿ ನಾವಿದ್ದೇವೆ.

ಹಾಗಂತ ಶರಾವತಿ ಇದುವರೆಗೆ ಬೆಂಗಳೂರಿಗೆ ಏನೂ ಕೊಟ್ಟಿಲ್ಲವೇ? ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಈ ಹೊಳೆ ಹೊಸನಗರ, ಸಾಗರ ತಾಲೂಕುಗಳನ್ನು ಹಾದು, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಒಟ್ಟು ಉದ್ದ ನೂರಾ ಮೂವತ್ತು ಕಿಲೋಮೀಟರಿನಷ್ಟು ಅಷ್ಟೆ. ಇಷ್ಟು ಚಿಕ್ಕ ಹೊಳೆಯ ಮೇಲೆ ಹೊರಿಸಿದ ಭಾರ ಚಿಕ್ಕದಲ್ಲ. ಮೊದಲು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. ಅದರ ನೀರಿನಿಂದ 1948ರಲ್ಲಿ ಜೋಗದಲ್ಲಿ ವಿದ್ಯುತ್ ಬಂತು. ಹದಿನಾರು ವರ್ಷಕ್ಕೆ, 1964ರಲ್ಲಿ, ಕೆಳಗಡೆ ಲಿಂಗನಮಕ್ಕಿ ಎದ್ದು ನಿಂತಿತು. ಊರುಗಳ ಜೊತೆ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ಮಳೆ ಕೈಕೊಟ್ಟ ವರ್ಷ, ಹಿನ್ನೀರು ತೀರಾ ಇಳಿದಾಗ ಅದು ಇಡೀ ಮೇಲೇಳುತ್ತದೆ. ಜನ ವಾಹನ ಮಾಡಿಕೊಂಡು ನೋಡೋಕೆ ಹೋಗ್ತಾರೆ. ನಾನೂ ಹೋಗಿದ್ದೇನೆ. ಅಷ್ಟು ಚೆಂದದ ಕಲ್ಲಿನ ಕೆಲಸ ಅಷ್ಟು ಬೇಗ ಬೇಡವಾದದ್ದು ನೋಡಿದರೆ ಹೊಟ್ಟೆ ತೊಳಸುತ್ತದೆ.

ಲಿಂಗನಮಕ್ಕಿ ಹಿಡಿಯುವುದು 151 ಟಿಎಂಸಿ ನೀರು. ಮುಳುಗಿದ್ದು ಮುನ್ನೂರು ಚದರ ಕಿಲೋಮೀಟರಿನಷ್ಟು ನೆಲ, ನೂರಕ್ಕೂ ಮೇಲೆ ಹಳ್ಳಿ. ಹೊಸನಗರ ತಾಲೂಕಿನ ಕಥೆ ಇನ್ನೂ ದೊಡ್ಡದು. ಶರಾವತಿ ಹಿನ್ನೀರು ಒಂದು ಕಡೆ, ಚಕ್ರಾ ಮತ್ತು ಸಾವೇಹಕ್ಲು ಇನ್ನೊಂದು ಕಡೆ, ವಾರಾಹಿಗೆ ಕಟ್ಟಿದ ಮಾಣಿ ಅಣೆಕಟ್ಟು ಮತ್ತೊಂದು ಕಡೆ. ಮುಳುಗಡೆಯ ಜನ ಲಾರಿಯಲ್ಲಿ ಸಾಮಾನು ಹೇರಿಕೊಂಡು ಹೋಗಿ ಕಾಡಿನ ಮಧ್ಯೆ ಇಳಿದರು. ಹಾಗೆ ಇಳಿದ ಜಾಗಕ್ಕೆ ಹಕ್ಕುಪತ್ರ ಸಿಗದೆ ಮೊಮ್ಮಕ್ಕಳ ಕಾಲದಲ್ಲೂ ಕಚೇರಿ ಅಲೆಯುತ್ತಿರುವವರಿದ್ದಾರೆ. ತುಮರಿ ಕಡೆಯವರು ಹಿನ್ನೀರಿನ ಆಚೆ ಉಳಿದು, ಅರವತ್ತು ವರ್ಷ ಲಾಂಚನ್ನೇ ನಂಬಿಕೊಂಡಿದ್ದರು. ಅಂಬಾರಗೋಡ್ಲು-ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈ 14ರಂದು. ಕಣ್ಣೆದುರು ಸಮುದ್ರದಂಥ ನೀರು, ಗುಡ್ಡದ ಮೇಲಿನ ಮನೆಯ ಬಾವಿಯಲ್ಲಿ ಬೇಸಿಗೆಗೆ ನೀರಿಲ್ಲ ಅನ್ನೋದು ಹಿನ್ನೀರಿನ ಅಂಚಿನ ಹಳ್ಳಿಗಳಿಗೆ ಹೊಸ ಸುದ್ದಿಯಲ್ಲ.

ಇಷ್ಟೆಲ್ಲ ಆಗಿದ್ದು ಕರೆಂಟಿಗಾಗಿ. ಆ ಕಾಲದಲ್ಲಿ ರಾಜ್ಯದ ವಿದ್ಯುತ್ತಿನ ದೊಡ್ಡ ಆಸರೆ ಶರಾವತಿಯೇ. 1974ರಲ್ಲಿ ಕಾವೇರಿಯನ್ನು ಬೆಂಗಳೂರಿನ ಎತ್ತರಕ್ಕೆ ನೂಕಿದ ಮೋಟಾರುಗಳು ಯಾವ ಕರೆಂಟಿನಿಂದ ತಿರುಗಿದವು ಅಂದುಕೊಂಡಿರಿ? ಅದರಲ್ಲಿ ಶರಾವತಿಯ ಪಾಲು ಸಣ್ಣದಿರಲಿಕ್ಕಿಲ್ಲ. ಒಂದರ್ಥದಲ್ಲಿ ಬೆಂಗಳೂರಿನವರು ನಮ್ಮ ಹೊಳೆಯ ಋಣದ ನೀರನ್ನು ಆಗಿನಿಂದಲೇ ಕುಡಿಯುತ್ತಿದ್ದಾರೆ.

2019ರ ಜೂನಿನಲ್ಲಿ, ಲಿಂಗನಮಕ್ಕಿಯಿಂದ ನೀರು ತರುವುದಕ್ಕೆ ವಿವರವಾದ ಯೋಜನಾ ವರದಿ ಮಾಡಿ ಅಂತ ಆಗಿನ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅಧಿಕಾರಿಗಳಿಗೆ ಹೇಳಿದರು. ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಹೋರಾಟದ ಮುಂದೆ ನಿಂತವರು ನಮ್ಮ ಸಾಗರದ ನಾ. ಡಿ'ಸೋಜ. ಆಗ ಅವರಿಗೆ ಎಂಬತ್ತೆರಡು. ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡುತ್ತಾ ಮುಳುಗಡೆಯನ್ನು ಹತ್ತಿರದಿಂದ ಕಂಡು, 'ಮುಳುಗಡೆ', 'ದ್ವೀಪ' ಬರೆದ ಮನುಷ್ಯ. ಒಂದು ಸಲ ನೋಡಿದ್ದು ಸಾಕು ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಸಾಗರದ ಮೆರವಣಿಗೆಯಲ್ಲಿ ನಾನೂ ನಡೆದಿದ್ದೆ. ಅದೇ ತಿಂಗಳು ಸರ್ಕಾರ ಬದಲಾಯಿತು, ಯೋಜನೆ ಕಡತದೊಳಗೆ ಮಲಗಿತು. ಮಲಗಿದೆ ಅಷ್ಟೆ. ಬೇಸಿಗೆ ಬಂದಾಗ ಆಗಾಗ ಮಗ್ಗುಲು ಬದಲಿಸುತ್ತದೆ.

ಬೇಡ ಅನ್ನೋದಕ್ಕೆ ಬರೀ ಅಭಿಮಾನ ಸಾಲದು, ಲೆಕ್ಕವೂ ಬೇಕು. ಲಾಸ್ ಏಂಜಲೀಸಿನ ನೀರು ಮೇಲಿನಿಂದ ಕೆಳಕ್ಕೆ ಹರಿಯಿತು. ನಮ್ಮ ದಬ್ಬೆಯ ಹಾಗೆ. ಲಿಂಗನಮಕ್ಕಿ ತುಂಬಿದರೆ 1819 ಅಡಿ, ಬೆಂಗಳೂರು 3000 ಅಡಿ. ಅಂದರೆ ಹತ್ತಿರ ಹತ್ತಿರ 1200 ಅಡಿ ಮೇಲಕ್ಕೆ ಎತ್ತಬೇಕು. ಒಂದು ಟಿಎಂಸಿ ನೀರು ಶರಾವತಿಯ ವಿದ್ಯುತ್ ಮನೆಗಳಲ್ಲಿ ಇಳಿದರೆ ಸುಮಾರು ಮೂರು ಕೋಟಿ ಯೂನಿಟ್ ಕರೆಂಟ್ ಕೊಡುತ್ತದೆ. ಅದೇ ಒಂದು ಟಿಎಂಸಿಯನ್ನು ಬೆಂಗಳೂರಿನ ಎತ್ತರಕ್ಕೆ ಎತ್ತೋದಕ್ಕೇ ಹೆಚ್ಚೂ ಕಡಿಮೆ ಮೂರು ಕೋಟಿ ಯೂನಿಟ್ ಬೇಕು. ಮೋಟಾರಿನ ನಷ್ಟ, ಅಷ್ಟುದ್ದ ಪೈಪಿನ ಘರ್ಷಣೆ ಬೇರೆ. ಬರುವ ಮೂರು ಹೋಯಿತು, ಕೈಯಿಂದ ಮೂರಕ್ಕೂ ಹೆಚ್ಚು ಹಾಕಬೇಕಾಯಿತು. ಇನ್ನು 'ಸಮುದ್ರಕ್ಕೆ ಸುಮ್ಮನೆ ಹೋಗುವ ನೀರು' ಅನ್ನೋ ಮಾತು. ಲಿಂಗನಮಕ್ಕಿ ಭರ್ತಿಯಾಗಿ ಗೇಟು ತೆಗೆಯುವುದು ಕೆಲವೇ ವರ್ಷ. ಉಳಿದ ವರ್ಷ ಒಂದೊಂದು ಅಡಿಗೂ ಲೆಕ್ಕವಿದೆ.

ಇದೆಲ್ಲಕ್ಕಿಂತ ನನ್ನನ್ನು ಕಾಡುವ ವಿಷಯ ಬೇರೆ. ಅಲ್ಲಿ ಹಿಮ ಮಾಡುವ ಕೆಲಸ ಏನು? ಚಳಿಗಾಲದಲ್ಲಿ ಬಿದ್ದದ್ದನ್ನು ಹಿಡಿದಿಟ್ಟುಕೊಂಡು ಬೇಸಿಗೆಗೆ ಕೊಡುವುದು. ನಮ್ಮಲ್ಲಿ ಹಿಮ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಹೊಸನಗರದ ಹುಲಿಕಲ್ ಕಡೆಯೂ ಅಂಥದ್ದೇ. ಅಷ್ಟೂ ನಾಲ್ಕು ತಿಂಗಳಲ್ಲಿ ಬಿದ್ದು ಮುಗಿಯುತ್ತದೆ. ಹಾಗಾದರೆ ಮಾರ್ಚಿನಲ್ಲಿ ದಬ್ಬೆಗೆ ನೀರು ಎಲ್ಲಿಂದ ಬರುತ್ತಿತ್ತು? ಕಾನಿನಿಂದ. ಮರದ ಬೇರು, ಮೊಣಕಾಲುದ್ದದ ತರಗೆಲೆ, ಅದರಡಿಯ ಮೆತ್ತನೆ ಮಣ್ಣು ಸೇರಿ ಮಳೆಯನ್ನು ಕುಡಿದಿಟ್ಟುಕೊಂಡು ತಿಂಗಳುಗಟ್ಟಲೆ ಬಿಡುತ್ತಿತ್ತು. ಪಕ್ಕದ ಸೊರಬದ ಕಾನುಗಳ ಬಗ್ಗೆ ಬ್ರ್ಯಾಂಡಿಸ್ ಮತ್ತು ಗ್ರ್ಯಾಂಟ್ ಎಂಬ ಬ್ರಿಟಿಷ್ ಅಧಿಕಾರಿಗಳು 1868ರಲ್ಲೇ ವರದಿ ಬರೆದಿದ್ದರು. ಅಷ್ಟು ಎದ್ದು ಕಾಣುವ ಕಾಡು ಅದು. ನಮ್ಮಜ್ಜನಿಗೆ ವರದಿ ಗೊತ್ತಿರಲಿಲ್ಲ. "ಅಬ್ಬಿ ನೆತ್ತಿ ಮೇಲೆ ಕತ್ತಿ ಹಾಕಬ್ಯಾಡಿ" ಅನ್ನುತ್ತಿದ್ದರು, ಅಷ್ಟೆ.

ನಾವು ಹಾಕಿದೆವು. ಇದನ್ನೂ ಒಪ್ಪಿಕೊಳ್ಳಬೇಕು. ಗುಡ್ಡ ಬೋಳಿಸಿ ಅಕೇಶಿಯಾ, ನೀಲಗಿರಿ ನೆಟ್ಟಾಗ ಸುಮ್ಮನಿದ್ದೆವು. ಸೊಪ್ಪಿನಬೆಟ್ಟವನ್ನು ಸವರಿ ತೋಟ ವಿಸ್ತರಿಸಿದೆವು. ಒರತೆ ಬತ್ತಿದ್ದಕ್ಕೆ ಬೋರ್‌ವೆಲ್ ಹೊಡೆಸಿದೆವು. ನಮ್ಮನೆಯ ದಬ್ಬೆ ಈಗಿಲ್ಲ. ಮೊದಲು ಕಪ್ಪು ಪೈಪು ಬಂತು, ಆಮೇಲೆ ಪೈಪಿಗೆ ನೀರು ಬರಲಿಲ್ಲ. ಬೆಂಗಳೂರು ಧರ್ಮಾಂಬುಧಿಗೆ ಮಾಡಿದ್ದನ್ನೇ ನಾವು ನಮ್ಮ ಅಬ್ಬಿಗೆ ಮಾಡಿದ್ದು. ಸಾಗರ ಅನ್ನೋ ಊರಿನ ಹೆಸರೇ ಕೆಳದಿ ಅರಸರು ಕಟ್ಟಿಸಿದ ಸದಾಶಿವಸಾಗರ ಕೆರೆಯಿಂದ ಬಂದದ್ದು ಅನ್ನುತ್ತಾರೆ. ನಾವೀಗ ಗಣಪತಿ ಕೆರೆ ಅನ್ನೋದು ಅದನ್ನೇ. ಕೆರೆಯ ಹೆಸರಿಟ್ಟುಕೊಂಡ ಊರಿನವರಿಗೂ ಕೆರೆ ನೆನಪಾಗುವುದು ಕಷ್ಟ ಬಂದಾಗಲೇ.

ಅಮೆರಿಕದ ಕಥೆಗೆ ಇನ್ನೊಂದು ಕೊನೆ ಇದೆ. ಲಾಸ್ ಏಂಜಲೀಸ್ ತನ್ನ ಕಾಲುವೆಯನ್ನು 1940ರ ಹೊತ್ತಿಗೆ ಇನ್ನೂ ಉತ್ತರದ ಮೋನೋ ಸರೋವರದ ಹಳ್ಳಗಳವರೆಗೆ ಒಯ್ದಿತ್ತು. ಆ ಸರೋವರವೂ ಕುಗ್ಗತೊಡಗಿದಾಗ ಜನ ಕೋರ್ಟಿಗೆ ಹೋದರು. ಹಳ್ಳ, ಹೊಳೆ, ಕೆರೆ ಎಲ್ಲರ ಪರವಾಗಿ ಸರ್ಕಾರದ ಬಳಿ ನಂಬಿಕೆಯಿಂದ ಇಟ್ಟ ಆಸ್ತಿ, ಹಳೇ ಪರವಾನಗಿ ಇದೆ ಅಂತ ಬತ್ತಿಸುವ ಹಾಗಿಲ್ಲ ಎಂಬ ಅರ್ಥದ ತೀರ್ಪು 1983ರಲ್ಲಿ ಬಂತು. 1994ರಲ್ಲಿ ಒಯ್ಯುವ ನೀರಿಗೆ ಮಿತಿ ಬಿತ್ತು. ಊರೇನೂ ಒಣಗಿ ಸಾಯಲಿಲ್ಲ. ನೀರು ಉಳಿಸುವುದನ್ನು ಕಲಿಯಿತು. ನಮ್ಮ ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲಿ, ಹಿಮಾಚಲದ ಬಿಯಾಸ್ ನದಿಯ ಮೊಕದ್ದಮೆಯಲ್ಲಿ, ಇದೇ ಮೋನೋ ಸರೋವರದ ತೀರ್ಪನ್ನು ಹೆಸರಿಸಿ, ಈ ತತ್ವ ನಮ್ಮ ದೇಶದ ಕಾನೂನಿನ ಭಾಗವೂ ಹೌದು ಅಂದಿತು. ಹಾಗಾಗಿ ಇದು ಅಮೆರಿಕದ್ದು, ನಮಗ್ಯಾಕೆ ಅನ್ನುವ ಹಾಗಿಲ್ಲ.

2024ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಮಗಳು ಫೋನ್ ಮಾಡಿದಳು. ಅಪಾರ್ಟ್‌ಮೆಂಟಿನ ಬೋರ್ ಬತ್ತಿತ್ತು, ಟ್ಯಾಂಕರಿನವನು ಎರಡು ದಿನದಿಂದ ಬಂದಿರಲಿಲ್ಲ. ಪುಟ್ಟ ಮಗುವಿನ ಬಟ್ಟೆ ಒಗೆಯೋಕೆ ನೀರಿಲ್ಲ. "ಅಪ್ಪಾ, ನೀವು ಆವತ್ತು ಬಂದ್ ಮಾಡಿದ್ರಲ್ಲ, ಈಗ ಹೇಳಿ" ಅಂದಳು. ಸಿಟ್ಟಿನಿಂದಲ್ಲ, ಸುಸ್ತಾಗಿ. ನನಗೆ ತಕ್ಷಣ ಉತ್ತರ ಬರಲಿಲ್ಲ. ನೀರು ಕೊಡೋದಿಲ್ಲ ಅಂತ ನಾವು ಹೇಳುತ್ತಿರುವುದು ಯಾರಿಗೋ ಅಲ್ಲ. ಮಲೆನಾಡಿನ ಮನೆಮನೆಯ ಮಕ್ಕಳು ಇರುವುದು ಅಲ್ಲೇ.

ಆಮೇಲೆ ಕೂತು ಒಂದು ಲೆಕ್ಕ ಹಾಕಿ ಅವಳಿಗೆ ಕಳಿಸಿದೆ. ಬೆಂಗಳೂರು ಏಳುನೂರು ಚದರ ಕಿಲೋಮೀಟರ್, ಮಳೆ ವರ್ಷಕ್ಕೆ 900 ಮಿಲಿಮೀಟರ್ ಅಂತಿಟ್ಟುಕೊಂಡು ಗುಣಿಸಿದರೆ 22 ಟಿಎಂಸಿ. ಕಾವೇರಿ ಐದನೇ ಹಂತದಿಂದ ಒಂದು ವರ್ಷಕ್ಕೆ ಬರುವುದು 10 ಟಿಎಂಸಿ. ಬಿದ್ದದ್ದೆಲ್ಲ ಹಿಡಿಯೋಕೆ ಆಗುವುದಿಲ್ಲ, ನಿಜ. ಅರ್ಧ ಹಿಡಿದರೂ ಇನ್ನೊಂದು ಕಾವೇರಿ ಹಂತ. ಮಳೆಕೊಯ್ಲು ಕಡ್ಡಾಯ ಅಂತ 2009ರಲ್ಲೇ ಕಾನೂನಾಗಿದೆ. ಕೆರೆಗಳೂ ಇನ್ನೂ ಪೂರ್ತಿ ಸತ್ತಿಲ್ಲ. ಅವಳು ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ಈ ಮಾತು ಎತ್ತಿದಳಂತೆ. ಮೂರು ತಿಂಗಳು ಜಗಳ ಆಡಿ, ಕೊನೆಗೆ ತಾರಸಿ ನೀರನ್ನು ತೊಟ್ಟಿಗೆ ಇಳಿಸುವ ಪೈಪು ಹಾಕಿಸಿದ್ದಾರೆ. "ಸಾಲೋದಿಲ್ಲ, ಆದ್ರೂ ಟ್ಯಾಂಕರ್ ಕಡಿಮೆ ಆಯ್ತು" ಅಂದಳು.

ದಬ್ಬೆ ನೀರಿಗೆ ಒಂದು ಕಟ್ಟಳೆ ಇತ್ತು. ಮೇಲಿನ ಮನೆಯ ಹಂಡೆ ತುಂಬಿದ ಮೇಲೆ ನೀರು ಕೆಳಗಿನ ಮನೆಗೆ, ಅಲ್ಲಿಂದ ತೋಟಕ್ಕೆ. ಯಾರೂ ತಡೆಯುವ ಹಾಗಿರಲಿಲ್ಲ. ಆದರೆ ನೀರು ಬೇಕಾದವರೆಲ್ಲ ದೀಪಾವಳಿ ಕಳೆದ ಮೇಲೆ ಒಂದು ದಿನ ಗುಡ್ಡ ಹತ್ತಿ ಒರತೆ ಕೆರೆದು ಬರಬೇಕಿತ್ತು. ಮಗಳು ಈ ವರ್ಷ ದೀಪಾವಳಿಗೆ ಬರ್ತೀನಿ ಅಂದಿದ್ದಾಳೆ. ನಮ್ಮ ಹಳೇ ಅಬ್ಬಿಯ ಮೇಲೆ ಐದು ವರ್ಷದಿಂದ ನಾನು ಕತ್ತಿ ಹಾಕಿಸಿಲ್ಲ, ದನ ಬಿಟ್ಟಿಲ್ಲ. ಈ ಸಲ ಫೆಬ್ರವರಿವರೆಗೂ ಅಲ್ಲಿ ಮಣ್ಣು ಒದ್ದೆ ಇತ್ತು. ಅವಳನ್ನು ಕರೆದುಕೊಂಡು ಹೋಗಿ ತೋರಿಸಬೇಕು.